ಬಾ ಎನ್ನದ ವರ್ಷ

ನನ್ನ ಮಗಳು ಸಿಂಚನ ಒಂದು ವರ್ಷದ ಓದಿಗೆ ಸಮುದ್ರದಾಚೆಯ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದ ದಿನ ನಮ್ಮ ಇಡ್ಲಿ ಹೋಟೆಲಿಗೆ ಬಂದವರಿಗೆಲ್ಲ ಕೇಸರಿಬಾತು ಹಂಚಿದೆವು. ತಿಂದು ಕೈ ತೊಳೆದುಕೊಂಡ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಯಾವ ದೇಶ ಅಂತ ಯಾರೂ ಕೇಳಲಿಲ್ಲ. ಏನು ಓದುತ್ತಾಳೆ ಅಂತಲೂ ಕೇಳಲಿಲ್ಲ. “ಅಲ್ಲ ದಾಕ್ಷಾಯಿಣಕ್ಕ, ಏನು ಹೇಳಿ ಹೊರಡ್ತಾಳೆ?” ಅಂತ ಕೇಳಿದರು.

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮೂರಿನಲ್ಲಿ ಹೊಸಿಲು ದಾಟುವವರು ಕೊನೆಗೆ ಯಾವ ಮಾತು ಆಡುತ್ತಾರೋ ಅದೇ ಆಗುತ್ತದೆ. ಬೇರೆ ಊರುಗಳಲ್ಲೂ ಜನ ಹೊರಡುವಾಗ ‘ಬರ್ತೀನಿ’ ಅನ್ನುತ್ತಾರಂತೆ, ಆದರೆ ಅಲ್ಲಿ ಅದು ಬರೀ ಬಾಯಿಮಾತು. ನಮ್ಮಲ್ಲಿ ಬರ್ತೀನಿ ಅಂದವರು ದೀಪ ಹಚ್ಚುವ ಹೊತ್ತಿಗೆ ಬಂದೇ ಬರುತ್ತಾರೆ. ಇಷ್ಟವಿದ್ದರೂ ಬರುತ್ತಾರೆ, ಇಲ್ಲದಿದ್ದರೂ ಬರುತ್ತಾರೆ. ಇದರಿಂದ ಅನುಕೂಲವೂ ಉಂಟು. ಸಂತೆಗೆ ಹೋದ ಗಂಡಸರು ನಮ್ಮಲ್ಲಿ ಯಾವತ್ತೂ ದಾರಿ ತಪ್ಪಿಲ್ಲ. ಅನನುಕೂಲ ಅಂದರೆ ನೆಂಟರು. ಮದುವೆ ಮುಗಿಸಿ ‘ಬರ್ತೀವಿ’ ಅಂತ ಹೊರಟ ಬೀಗರು ಅದೇ ಸಂಜೆ ಚೀಲದ ಸಮೇತ ಮತ್ತೆ ಬಾಗಿಲಲ್ಲಿ ನಿಂತಿರುತ್ತಾರೆ. ಅದಕ್ಕೇ ನಾವು ನೆಂಟರನ್ನು ಕಳಿಸುವಾಗ ಅವರ ಬಾಯಿಗೆ ಬಾಳೆಹಣ್ಣು ತುರುಕುತ್ತೇವೆ. ಹೊರಗಿನವರು ಅದನ್ನು ನಮ್ಮ ಅಕ್ಕರೆ ಅಂದುಕೊಂಡು ಹೊಗಳುತ್ತಾರೆ.

ಊರ ಬಾಗಿಲಿಗೆ ಒಂದು ಕಮಾನಿದೆ. ಅದರ ಒಳಬದಿಯಲ್ಲಿ ಹಿಂದೆ ಯಾರೋ ಪುಣ್ಯಾತ್ಮರು ‘ಹೋಗಿ ಬನ್ನಿ’ ಎಂದು ಬರೆಸಿದ್ದರು. ಸಿಮೆಂಟು ತಂದಿದ್ದ ಲಾರಿ ಡ್ರೈವರಿಗೆ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಪಾಪ, ಅವನು ಅದನ್ನು ಓದಿ ಹೋದ, ಬಂದ, ಮತ್ತೆ ಓದಿದ, ಮತ್ತೆ ಬಂದ. ಕೊನೆಗೆ ಅವನ ಹೆಂಡತಿಯೇ ಇಲ್ಲಿಗೆ ಬಂದು ಜಗಳ ತೆಗೆದ ಮೇಲೆ ಆ ಅಕ್ಷರಗಳಿಗೆ ಟಾರು ಬಳಿದರು.

ಊರಿನವರು ಮನೆಯಲ್ಲಿ ಏನೂ ಹೇಳದೆ ಹೊರಡುವ ಹಾಗೂ ಇಲ್ಲ. ಹಾಗೆ ಹೊರಟವರು ಕೂತ ಬಸ್ಸು ಕಮಾನಿನ ಕೆಳಗೆ ಕೆಮ್ಮಿ ನಿಂತುಬಿಡುತ್ತದೆ. ಕಂಡಕ್ಟರು ಟಿಕೇಟು ಹರಿಯುವ ಮೊದಲು “ಮನೇಲಿ ಹೇಳಿ ಬಂದ್ರಾ?” ಅಂತ ಕೇಳುವುದು ಅದಕ್ಕೇ.

ಇನ್ನು ಉಳಿದದ್ದು ‘ಹೋಗ್ತೀನಿ’. ಅದನ್ನು ನಮ್ಮಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ನನ್ನ ಅಣ್ಣ ಸದಾಶಿವ ಒಮ್ಮೆ ತಂದ. ರೇಡಿಯೋ ಜೋರಾಗಿ ಹಾಕಿದ್ದಕ್ಕೆ ಅಪ್ಪ ಬೈದರು, ಇವನು ಹೆಗಲಿಗೆ ಟವೆಲು ಎಸೆದುಕೊಂಡು “ಹಂಗಾದ್ರೆ ಹೋಗ್ತೀನಿ” ಅಂದ. ಹೋದ. ಇಪ್ಪತ್ತು ವರ್ಷದಿಂದ ಕಮಾನಿನ ಆಚೆಯ ಹಳ್ಳಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಒಳಗೆ ಬರಲು ಅವನು ಮಾಡದ ಪ್ರಯತ್ನವಿಲ್ಲ. ಕಮಾನಿನೊಳಗೆ ಕಾಲಿಟ್ಟರೆ ಸಾಕು, ಅವನ ಬೆನ್ನು ಊರಿನ ಕಡೆಗೂ ಮುಖ ಹಳ್ಳಿಯ ಕಡೆಗೂ ತಿರುಗಿರುತ್ತದೆ. ಭಾನುವಾರ ನಾವು ಚಾಪೆ, ಬುತ್ತಿ ಹಿಡಿದು ಅಲ್ಲಿಗೆ ಹೋಗುತ್ತೇವೆ. ನಾವು ಈಚೆ, ಅವನ ಸಂಸಾರ ಆಚೆ, ನಡುವೆ ಸಾರಿನ ಪಾತ್ರೆ. ನಗುನಗುತ್ತಲೇ ಊಟ ಮಾಡುತ್ತೇವೆ. ಆದರೆ ಅಪ್ಪ ತೀರಿಕೊಂಡಾಗ ಅವರನ್ನು ಕೊನೆಯ ಸಲ ಕಮಾನಿನ ತನಕ ಹೊತ್ತು ತಂದು ಅವನಿಗೆ ತೋರಿಸಬೇಕಾಯಿತು.

ಹೀಗಾಗಿ ಅಣ್ಣನೊಬ್ಬನನ್ನು ಬಿಟ್ಟರೆ ನಮ್ಮೂರಿನವರು ಹೊರಗೆ ಒಂದು ರಾತ್ರಿ ಕಳೆದದ್ದೇ ಇಲ್ಲ. ಸಿಂಚನ ಪೇಟೆಯ ಕಾಲೇಜಿಗೆ ಬೆಳಿಗ್ಗೆ ಬರ್ತೀನಿ ಅಂತ ಹೋಗಿ ಸಂಜೆ ಬರುತ್ತಿದ್ದಳು. ಅದಕ್ಕೆ ಯಾವ ತೊಡಕೂ ಇರಲಿಲ್ಲ. ಒಂದು ವರ್ಷ ಹೋಗಿ ಆಮೇಲೆ ಬರುವುದಕ್ಕೆ ಏನು ಹೇಳಬೇಕು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಅವಳು ಓದಲು ಹೊರಟದ್ದು ಕಲ್ಲುಹೂವಿನ ಬಗ್ಗೆ. “ಕಲ್ಲುಹೂವು ನೋಡಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮ ಮಸಾಲೆ ಡಬ್ಬೀಲೇ ಇದೆಯಲ್ಲ” ಅಂತ ನಾನು ಕೇಳಿದೆ. ಅದು ಗಿಡವೂ ಅಲ್ಲ, ಅಣಬೆಯೂ ಅಲ್ಲ, ಎರಡು ಜೀವ ಸೇರಿ ಮಾಡಿಕೊಂಡ ಸಂಸಾರ ಅಂತ ಅವಳು ಏನೇನೋ ವಿವರಿಸಿದಳು. ಅದಾದ ಮೇಲೆ ಬಿಸಿಬೇಳೆಬಾತಿಗೆ ಮಸಾಲೆ ಹುರಿಯುವಾಗ ಪಾಪ ಅನ್ನಿಸತೊಡಗಿತು, ಬೇರೇನೂ ಪ್ರಯೋಜನವಾಗಲಿಲ್ಲ.

ಕಾಲೇಜಿನಲ್ಲಿ ಹೊರದೇಶಕ್ಕೆ ಹೋಗುವ ಮಕ್ಕಳಿಗೂ ಅವರ ಮನೆಯವರಿಗೂ ಒಂದು ಸಭೆ ಕರೆದರು. ವಂದನಾ ಮೇಡಂ ಅನ್ನುವ ಅಧ್ಯಾಪಕಿ ಎಲ್ಲವನ್ನೂ ಚೆನ್ನಾಗಿ ತಿಳಿಸಿ ಹೇಳಿದರು. ಪಾಸ್‌ಪೋರ್ಟಿನ ಜೆರಾಕ್ಸು ಪ್ರತಿಗಳನ್ನು ಬೇರೆಬೇರೆ ಚೀಲದಲ್ಲಿ ಇಡಬೇಕು, ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಬೇಕು, ಅಲ್ಲಿಯ ಪ್ಲಗ್ಗಿಗೆ ನಮ್ಮ ಪಿನ್ನು ಕೂರುವುದಿಲ್ಲ, ಒಬ್ಬರೇ ಇರುವುದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಬೇಕು. ಕೊನೆಗೆ ಯಾರಿಗಾದರೂ ಪ್ರಶ್ನೆ ಇದೆಯಾ ಅಂದರು. ನಾನು ಎದ್ದು ನಿಂತು, “ಮೇಡಂ, ಮನೆಯಿಂದ ಹೊರಡುವಾಗ ಏನು ಹೇಳ್ಬೇಕು?” ಅಂದೆ. ಸಿಂಚನ ಮುಖ ಮುಚ್ಚಿಕೊಂಡಳು. ಮೇಡಂ ನನ್ನನ್ನೇ ನೋಡಿ, ಇದು ತಾಯಿಯ ಕರುಳಿನ ಮಾತು ಅಂತ ತಿಳಿದು, “ಧೈರ್ಯವಾಗಿ ನಗ್ತಾ ಬೈ ಹೇಳ್ಬೇಕು ಅಷ್ಟೇ ಅಮ್ಮ” ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ತಯಾರಿ ಶುರುವಾಯಿತು. ನಮ್ಮ ಯಜಮಾನರು ರುದ್ರೇಶಪ್ಪನವರದು ಮಾತು ಕಡಿಮೆ, ಕೆಲಸ ಜಾಸ್ತಿ. ತರಕಾರಿ ಮೂಟೆ ತೂಗುವ ಕೊಕ್ಕೆ ತಕ್ಕಡಿಯನ್ನು ನಡುಮನೆಯ ತೊಲೆಗೆ ಕಟ್ಟಿ, ಸೂಟ್‌ಕೇಸನ್ನು ದಿನಕ್ಕೊಮ್ಮೆ ನೇತುಹಾಕಿ ನೋಡುತ್ತಿದ್ದರು. ಅಲ್ಲಿ ಹಿಮ ಬೀಳುತ್ತದೆ ಅಂತ ಕೇಳಿ, ಚಳಿ ರೂಢಿಯಾಗಲೆಂದು ಮಗಳನ್ನು ಹೋಟೆಲಿನ ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ಕೂರಿಸುತ್ತಿದ್ದರು. ಅವಳಿಗೆ ಚಳಿ ರೂಢಿಯಾಗಲಿಲ್ಲ, ನನ್ನ ದೋಸೆ ಹಿಟ್ಟು ಹುಳಿಯಾಯಿತು. ಅಡುಗೆ ಕಲಿಸುವ ಜವಾಬ್ದಾರಿ ನನ್ನದು. ಊರಿಗೆಲ್ಲ ಇಡ್ಲಿ ಬೇಯಿಸುವ ಮನೆಯಲ್ಲಿ ಹುಟ್ಟಿದವಳು, ಅನ್ನ ಮಾಡೇ ಅಂದರೆ ಬಸ್ಸಿನವರಿಗೆಲ್ಲ ಬಡಿಸುವಷ್ಟು ಮಾಡಿದಳು. ನಾನು ಬೈದು, ಹೀಗೆ ಮಾಡಬೇಕು ಅಂತ ತೋರಿಸಲು ಹೋದೆ. ನಾನು ಮಾಡಿದ್ದು ಬಸ್ಸಿನವರಿಗೂ ಲಾರಿಯವರಿಗೂ ಆಯಿತು. ಒಬ್ಬಳಿಗೆ ಅಂತ ಅಡುಗೆ ಮಾಡುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅನ್ನುವುದು ಆವತ್ತೇ ನನಗೆ ತಿಳಿದದ್ದು.

ಆದರೆ ಇದೆಲ್ಲ ಮಾಡಿ ಪ್ರಯೋಜನವೇನು, ಮಾತೇ ಸಿಗದಿದ್ದರೆ? ಯಜಮಾನರು ಒಂದು ದಾರಿ ಹೇಳಿದರು. “ಮೊದಲು ಅವಳ ಮಾವನ ಮನೇಲಿ ಒಂದು ರಾತ್ರಿ ಇದ್ದು ತೋರಿಸ್ಲಿ. ಕಮಾನು ದಾಟಿ ಇರಕ್ಕಾಗದವಳು ಸಮುದ್ರ ದಾಟಿ ಹೆಂಗಿರ್ತಾಳೆ?” ಮಾತು ಸರಿ ಕಂಡಿತು. ತಾಲೀಮು ಗೊತ್ತುಮಾಡಿದೆವು.

ಮೊದಲನೆಯ ಸಲ ಅವಳು ಹೊಸಿಲ ಮೇಲೆ ನಿಂತು, ಪದ ಪದವನ್ನೂ ಬಿಡಿಸಿ, “ಅಮ್ಮ, ನಾಳೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಬರ್ತೀನಿ” ಅಂದಳು. ನಾಳೆಯೂ ಹೋಯಿತು, ತಿಂಡಿಯೂ ಹೋಯಿತು. ಊರಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ದೀಪ ಹಚ್ಚುತ್ತಿದ್ದೆ, ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅತ್ತಿಗೆ ಬಡಿಸಿದ್ದ ಹೋಳಿಗೆಯ ತಟ್ಟೆ ಹಾಗೇ ಇತ್ತು. “ಒಂದು ತುತ್ತು ತಿಂದಿದ್ದೆ ಅಷ್ಟೇ ಅಮ್ಮ, ತಲೆ ಎತ್ತಿದ್ರೆ ನಮ್ಮ ಬೀದಿ” ಅಂದಳು.

ಎರಡನೆಯ ಸಲ ಮೇಡಂ ಹೇಳಿದ ಹಾಗೆ ಮಾಡೋಣ ಅಂದುಕೊಂಡೆವು. ಸಿಂಚನ ಧೈರ್ಯವಾಗಿ ನಗುತ್ತಾ ಕೈಯಾಡಿಸಿ “ಬೈ” ಅಂದಳು. ನಮ್ಮೂರಿಗೆ ಇಂಗ್ಲಿಷು ಬರುವುದಿಲ್ಲ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ಅವಳು ಬೀದಿಗೆ ಇಳಿದಳೋ ಇಲ್ಲವೋ, ಎದುರುಮನೆಯ ಹಾಲಿನವನು “ಕಣ್ಣು ಕಾಣಲ್ವಾ ನಿಂಗೆ, ಕ್ಯಾನಿಗೆ ಒದೀತೀಯಲ್ಲ” ಅಂದ. ತರಕಾರಿಯವಳು ಅವಳ ನಡಿಗೆ ಸರಿಯಿಲ್ಲ ಅಂತ ಬೈದಳು. ಬಸ್ಸಿನಲ್ಲಿ ಕಂಡಕ್ಟರು ಬೈದ, ಪಕ್ಕದ ಸೀಟಿನ ಅಜ್ಜಿ ಅವಳ ಜಡೆಗೆ ಬೈದಳು, ಯಾವತ್ತೂ ಯಾರಿಗೂ ಗದರದ ಪೂಜಾರಪ್ಪನವರು ಕಿಟಕಿಯ ಹೊರಗಿನಿಂದ ಬಗ್ಗಿ ಬೈದು ಹೋದರು. ಬಸ್ಸು ಕಮಾನಿನ ಕೆಳಗೆ ನಿಂತೂ ಬಿಟ್ಟಿತು. ಮಗಳು ಅಳುತ್ತಾ ನಡೆದು ಬಂದು ನಡೆದದ್ದನ್ನೆಲ್ಲ ಹೇಳಿದಳು. ಸಮಾಧಾನ ಮಾಡಬೇಕು ಅಂತ ಬಾಯಿ ತೆರೆದರೆ ನನ್ನ ಬಾಯಿಂದಲೂ ಬೈಗುಳವೇ ಬಂತು. ಮಲಗುವ ತನಕ ಬೈದೆ. ನನಗೆ ಅದೇನೂ ಅಷ್ಟು ಕಷ್ಟವಾಗಲಿಲ್ಲ ಅಂತ ಯಜಮಾನರು ಈಗಲೂ ಹೇಳುತ್ತಾರೆ.

ಮೂರನೆಯ ಸಲ ಶಾಂತವೀರಯ್ಯ ಮೇಷ್ಟ್ರ ಹತ್ತಿರ ಹೋದೆವು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು, ನಮ್ಮ ಹೋಟೆಲಿನ ಮೂಲೆಯ ಬೆಂಚು ಅವರದೇ. ಅವರು ಚಟ್ನಿಗೆ ಅದ್ದಿದ ಇಡ್ಲಿಯನ್ನು ಹಾಗೇ ಹಿಡಿದುಕೊಂಡು ಕಣ್ಣು ಮುಚ್ಚಿದರು. “ಬರ್ತೀನಿ ಅಂದ್ರೆ ನಿಶ್ಚಯ ಆಗೋಯ್ತು. ನಮಗೆ ಬೇಕಾಗಿರೋದು ಸಂಭಾವನೆ. ಬಂದೇನು. ಬಂದರೆ ಬಂದೇನು, ಇಲ್ಲದಿದ್ರೆ ಇಲ್ಲ. ವ್ಯಾಕರಣದಲ್ಲಿ ಎಲ್ಲಕ್ಕೂ ಜಾಗ ಇದೆ ತಾಯಿ” ಅಂದರು. ಸಿಂಚನ “ಬಂದೇನು” ಅಂತ ಹೇಳಿ ಹೊರಟಳು. ಬಸ್ಸು ಕಮಾನು ದಾಟಿತು. ಅವಳು ಆಚೆ ಇಳಿದಳು. ಅಣ್ಣ ಕೈ ಹಿಡಿದುಕೊಂಡ. ಅವಳು ಎರಡು ಹೆಜ್ಜೆ ಅವನ ಕಡೆ ಹೋದಳು, ಎರಡು ಹೆಜ್ಜೆ ನಮ್ಮ ಕಡೆ ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಸಂಜೆಯ ತನಕ ಕಮಾನಿನ ಕೆಳಗೆ ಹೀಗೇ ಆಡಿದಳು. ನೋಡಲು ಜನ ಸೇರಿದರು, ಕಡಲೆಕಾಯಿ ಮಾರುವವನಿಗೆ ಒಳ್ಳೆಯ ವ್ಯಾಪಾರವಾಯಿತು. ಕೊನೆಗೆ ನಾನೇ ಹೋಗಿ ರೆಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದೆ. ಮೇಷ್ಟ್ರು ಮಾತ್ರ ತುಂಬಾ ಖುಷಿಯಲ್ಲಿದ್ದರು. ಸಂಭಾವನಾರ್ಥಕ ಕ್ರಿಯಾಪದವನ್ನು ಕಣ್ಣಾರೆ ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಅಂದರು.

ಹೊರಡುವ ದಿನ ಹತ್ತಿರವಾಯಿತು. ಪಾಸ್‌ಪೋರ್ಟು, ವೀಸಾ, ಉಣ್ಣೆಯ ಕೋಟು, ಪಿನ್ನು, ಮಾತ್ರೆ ಎಲ್ಲ ಸಿದ್ಧವಾಗಿತ್ತು, ಹೇಳುವ ಮಾತೊಂದು ಬಿಟ್ಟು. ಮನೆಯಲ್ಲಿ ಎಲ್ಲರ ಸಿಟ್ಟೂ ಮೂಗಿನ ತುದಿಯಲ್ಲಿತ್ತು. ನಾನು ಸೂಟ್‌ಕೇಸಿನಲ್ಲಿ ಕುಕ್ಕರು ಇಟ್ಟೆ, ಅವಳು ತೆಗೆದಳು. ಮತ್ತೆ ಇಟ್ಟೆ, ಮತ್ತೆ ತೆಗೆದಳು. ಕುಕ್ಕರಿಲ್ಲದೆ ಬೇಳೆ ಬೇಯುತ್ತದಾ ಅಂತ ಕೇಳಿದರೆ, “ಅಲ್ಲಿ ಬೇಳೆ ಬೇಯಿಸ್ತಾ ಕೂತ್ಕೊಳಕ್ಕೆ ಹೋಗ್ತಿಲ್ಲ ನಾನು” ಅಂದಳು. ಆಮೇಲೆ ಅವಳು ಕೋಟು ಮಡಿಸುತ್ತಾ, ನನ್ನ ಮುಖ ನೋಡದೆ, “ಯೋಚನೆ ಮಾಡಿದೀನಿ ಅಮ್ಮ. ಹೋಗ್ತೀನಿ ಅಂತಾನೇ ಹೇಳ್ಬಿಡ್ತೀನಿ. ಮಾವ ಇಲ್ವಾ? ಭಾನುವಾರ ಭಾನುವಾರ ಕಮಾನಿನ ಹತ್ರ ಸಿಕ್ಕಿದ್ರಾಯ್ತು” ಅಂದಳು.

ನನಗೆ ಒಂದು ಕಡೆ ಭಯ, ಒಂದು ಕಡೆ ಕೆಂಡದಂಥ ಸಿಟ್ಟು. ಹೆತ್ತ ಮಗಳಿಗೆ ನಾನು ಜೀವಮಾನವೆಲ್ಲ ಸಾರಿನ ಪಾತ್ರೆ ದಾಟಿಸುತ್ತಾ ಕೂರಬೇಕಾ? ಹೋಗಬೇಡ ಅನ್ನಲು ಬಾಯಿ ಬರಲಿಲ್ಲ, ಅವಳು ಎಷ್ಟು ಆಸೆ ಇಟ್ಟುಕೊಂಡಿದ್ದಳು ಅನ್ನುವುದು ನನಗೆ ಗೊತ್ತಿತ್ತು. ಹೋಗು ಅನ್ನುವಷ್ಟು ದೊಡ್ಡ ಮನಸ್ಸೂ ನನಗಿರಲಿಲ್ಲ. ಎರಡೂ ಆಗದಿದ್ದಾಗ ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ, ಮಾತು ಬಿಟ್ಟೆ.

ಹೊರಡುವ ಬೆಳಿಗ್ಗೆಯೂ ನಾನು ಮಾತಾಡಲಿಲ್ಲ. ಹಣೆಗೆ ಕುಂಕುಮ ಇಟ್ಟೆ, ಬುತ್ತಿ ಕೊಟ್ಟೆ, ಮುಖವನ್ನು ಮಾತ್ರ ಹುಣಸೆಹಣ್ಣು ತಿಂದವಳ ಹಾಗೆ ಇಟ್ಟುಕೊಂಡಿದ್ದೆ. ಯಜಮಾನರು ಸೂಟ್‌ಕೇಸು ಹೊತ್ತು ಬಸ್ಸಿನ ಹತ್ತಿರ ನಿಂತಿದ್ದರು. ಸಿಂಚನ ನನ್ನ ಕಾಲಿಗೆ ಬಿದ್ದು ಎದ್ದು ಹೊಸಿಲ ಮೇಲೆ ನಿಂತಳು. ‘ಹೋ’ ಅನ್ನಲು ತುಟಿ ಗುಂಡಗೆ ಮಾಡಿದ್ದು ಕಂಡಿತು. ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ನನ್ನನ್ನು ನೋಡಿದಳು. ಆ ಮಾತು ಅವಳ ಬಾಯಿಂದ ಬರಲಿಲ್ಲ. ಮೆಲ್ಲಗೆ, ಚಿಕ್ಕವಳಿದ್ದಾಗ ಆಟಕ್ಕೆ ಹೋಗುವ ಮೊದಲು ಕೇಳುತ್ತಿದ್ದ ಹಾಗೆ, “ಬರ್ಲಾ ಅಮ್ಮ?” ಅಂದಳು.

ಬರ್ಲಾ ಅಂದವರಿಗೆ ‘ಹ್ಞೂ, ಬಾ’ ಅನ್ನದ ಮನುಷ್ಯರು ನಮ್ಮೂರಿನಲ್ಲಿ ಇಲ್ಲ. ಅದು ಕೇಳಿದ ಕೂಡಲೇ ತಾನಾಗಿ ಬಾಯಿಂದ ಉದುರುವ ಮಾತು. ಆದರೆ ನಾನು ಮಾತು ಬಿಟ್ಟಿದ್ದೆನಲ್ಲ. ಉತ್ತರ ಕೊಡಲಿಲ್ಲ. ಅವಳು ಕಾದಳು. ಬಸ್ಸು ಹಾರನ್ ಹಾಕಿತು. ಇನ್ನೊಂದು ಸ್ವಲ್ಪ ಹೊತ್ತು ಕಾದು, ಕಣ್ಣು ಒರೆಸಿಕೊಂಡು ಓಡಿ ಬಸ್ಸು ಹತ್ತಿದಳು. ಬಸ್ಸು ಕಮಾನಿನ ಕೆಳಗೆ ನಿಲ್ಲಲಿಲ್ಲ.

ಸಂಜೆ ದೀಪ ಹಚ್ಚಿ ಬಾಗಿಲಲ್ಲೇ ಕೂತೆ. ಬರುತ್ತಾಳೆ ಅಂತ ಅವಳ ಪಾಲಿಗೂ ಅಕ್ಕಿ ಹಾಕಿದ್ದೆ. ಅವಳು ಬರಲಿಲ್ಲ. ಪೂರ್ತಿ ಕತ್ತಲಾದರೂ ಬರಲಿಲ್ಲ. ಹಾಗಿದ್ದರೆ ಬಸ್ಸಿನಲ್ಲಿ ಕೂತು ಆ ಇನ್ನೊಂದು ಮಾತು ಹೇಳಿಬಿಟ್ಟಳಾ ಅಂತ ಹೆದರಿ ಯಜಮಾನರನ್ನು ಮೇಷ್ಟ್ರ ಮನೆಗೆ ಓಡಿಸಿದೆ. ಯಜಮಾನರು ಮೇಷ್ಟ್ರನ್ನು ಕರೆತಂದರು. ಮೇಷ್ಟ್ರು ನಡೆದದ್ದನ್ನೆಲ್ಲ ಕೇಳಿ, ಬೆಂಚಿನ ಮೇಲೆ ಕೂತು, ತೊಡೆ ತಟ್ಟಿಕೊಂಡರು. “ಎಂಥ ಕೆಲಸ ಮಾಡ್ಬಿಟ್ರಿ ತಾಯಿ. ಅವಳು ಹೇಳಿಲ್ಲ, ಕೇಳಿದಾಳೆ. ನೀವು ಉತ್ತರಾನೇ ಕೊಟ್ಟಿಲ್ಲ. ಪ್ರಶ್ನೆ ಹಂಗೇ ತೆರೆದುಕೊಂಡಿದೆ. ನೀವು ಬಾ ಅಂದ ದಿನ ಸಂಜೆಗೆ ಬರ್ತಾಳೆ. ಅಲ್ಲೀತನಕ ಎಲ್ಲಿ ಬೇಕಾದ್ರೂ ಇರಬಹುದು.”

ಆಗಲೇ ಫೋನು ಬಂತು. “ಅಮ್ಮ, ನಾನು ವಿಮಾನದ ಬಾಗಿಲಲ್ಲಿದೀನಿ” ಅಂದಳು. ಅವಳ ದನಿ ಕೇಳಿದ ಸಂತೋಷಕ್ಕೆ ನಾನು ಬಾಯಿ ತೆರೆದೆ. ಮೇಷ್ಟ್ರೂ ಯಜಮಾನರೂ ಒಟ್ಟಿಗೇ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

ಆ ವರ್ಷ ನಾನು ಬಾ ಅನ್ನದೆ ಬದುಕಿದೆ. ಹೋಟೆಲು ನಡೆಸುವವಳು ಬಾ ಅನ್ನದೆ ಇರುವುದು ಎಂಥ ಕಷ್ಟ ಅನ್ನುವುದು ನಡೆಸಿದವರಿಗೇ ಗೊತ್ತು. ‘ಬನ್ನಿ’ ಅಂದರೆ ದೋಷವಿಲ್ಲ, ಅದು ಬಹುವಚನ ಅಂತ ಮೇಷ್ಟ್ರು ಹೇಳಿದರು. ಆದರೆ ಅವರ ವ್ಯಾಕರಣವನ್ನು ನಾನು ಒಮ್ಮೆ ನೋಡಿದ್ದೆ. ಗಿರಾಕಿಗಳು ಬಂದರೆ “ಕೂತ್ಕೊಳಿ” ಅನ್ನುತ್ತಿದ್ದೆ. ಅವರು ಇನ್ನೂ ರಸ್ತೆಯಲ್ಲೇ ಇದ್ದರೂ ಕೂತ್ಕೊಳಿ ಅನ್ನುತ್ತಿದ್ದೆ, ಒಬ್ಬಿಬ್ಬರು ರಸ್ತೆಯಲ್ಲೇ ಕೂತೂ ನೋಡಿದರು. ಬೆಕ್ಕನ್ನು ಕರೆಯುವ ಬದಲು ತಟ್ಟೆ ಬಡಿಯುತ್ತಿದ್ದೆ. ಕೆಲಸದ ಚೆನ್ನಿಯನ್ನು “ಇಲ್ಲಿ ಕಾಣಿಸ್ಕೊ” ಅಂತ ಕರೆಯುತ್ತಿದ್ದೆ, ಅವಳು ಸಿಟ್ಟಾಗಿ ವಾರ ಕೆಲಸಕ್ಕೆ ಬರಲಿಲ್ಲ. ಕೇಸರಿಬಾತು ಅನ್ನುವಾಗಲೂ ನಡುವೆ ತೊದಲುತ್ತಿದ್ದೆ. ಬೋರ್ಡಿನಲ್ಲಿ ಅದನ್ನು ಸಜ್ಜಿಗೆ ಅಂತ ಬರೆಸಿದೆ. ದಾಕ್ಷಾಯಿಣಕ್ಕನಿಗೆ ಮಗಳು ಹೋದ ಮೇಲೆ ತಲೆ ಸ್ವಲ್ಪ ಹಿಂದುಮುಂದಾಗಿದೆ ಅಂತ ಜನ ಮಾತಾಡಿಕೊಂಡರು. ಆದರೂ ಇಡ್ಲಿ ತಿನ್ನುವುದನ್ನೇನೂ ಬಿಡಲಿಲ್ಲ.

ನಿಜವಾದ ಕಷ್ಟ ಅದಲ್ಲ. ಒಂದು ದಿನ, ಹೋಟೆಲಿನಲ್ಲಿ ಬೆಳಗಿನ ಗದ್ದಲ ಇರುವಾಗಲೇ, ಅವಳ ಫೋನು ಬಂತು. ಅಳುತ್ತಿದ್ದಳು. “ಅಮ್ಮ, ಇಲ್ಲಿ ಮಧ್ಯಾಹ್ನಕ್ಕೇ ಕತ್ಲಾಗುತ್ತೆ. ಯಾರೂ ಮಾತಾಡ್ಸಲ್ಲ. ನಾನು ಹೇಳೋದು ಅವರಿಗೆ ಅರ್ಥ ಆಗಲ್ಲ. ಅನ್ನ ಮಾಡಿದ್ರೆ ಅಂಟಂಟಾಗುತ್ತೆ. ನಂಗೆ ಇರಕ್ಕಾಗಲ್ಲ. ನಾನು ಆವತ್ತು ಕೇಳಿದ್ನಲ್ಲ, ಅದಕ್ಕೆ ಉತ್ತರ ಹೇಳಮ್ಮ. ಒಂದೇ ಒಂದು ಸಲ ಹೇಳು. ಸಾಯಂಕಾಲ ಮನೇಲಿರ್ತೀನಿ.”

ಆ ಮಾತು ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು. ತುಟಿ ಕೂಡಿಸಿ ಬಿಟ್ಟರೆ ಆಗುವ ಮಾತು. ಅವಳು ಸಂಜೆಗೆ ಇಲ್ಲೇ ಇರುತ್ತಾಳೆ, ಬಿಸಿಬಿಸಿ ಊಟ ಹಾಕಬಹುದು, ತಲೆಗೆ ಎಣ್ಣೆ ಹಚ್ಚಬಹುದು. ನನಗೆ ಅವಳು ಬೇಕಾಗಿತ್ತು. ಆದರೆ ಹಾಗೆ ಬಂದರೆ ಆಮೇಲೆ ಅವಳು ಜೀವನಪೂರ್ತಿ ಮಸಾಲೆ ಡಬ್ಬಿಯ ಕಲ್ಲುಹೂವನ್ನೇ ನೋಡುತ್ತಾ ಇರಬೇಕಾಗುತ್ತಿತ್ತು. ನನಗೆ ಬೇರೇನೂ ತೋಚದೆ, ಆಗ ತಾನೇ ಇಳಿಸಿದ್ದ ತಟ್ಟೆಯಿಂದ ಒಂದು ಇಡ್ಲಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ನಾಲಿಗೆ, ಗಂಟಲು ಎಲ್ಲ ಸುಟ್ಟುಹೋಯಿತು. ಕಣ್ಣಲ್ಲಿ ನೀರು ಸುರಿಯಿತು. ಅದು ಇಡ್ಲಿಯ ಬಿಸಿಗೆ ಅಂತ ಗಿರಾಕಿಗಳು ತಿಳಿದರು. ನುಂಗಿದ ಮೇಲೆ, “ಅನ್ನಕ್ಕೆ ನೀರು ಜಾಸ್ತಿ ಹಾಕ್ತಿದೀಯ, ಕಮ್ಮಿ ಹಾಕು” ಅಂದೆ. ಅವಳು ಫೋನು ಇಟ್ಟುಬಿಟ್ಟಳು. ನನ್ನಂಥ ಕಲ್ಲು ಮನಸ್ಸಿನ ತಾಯಿ ಇಲ್ಲ ಅಂತ ಅಪ್ಪನಿಗೆ ಹೇಳಿದಳಂತೆ.

ಆಮೇಲೆ ಅನ್ನ ಉದುರುದುರಾಯಿತು ಅನ್ನಿಸುತ್ತದೆ. ಫೋನು ಮಾಡುವುದು ಕಡಿಮೆಯಾಯಿತು, ಮಾಡಿದಾಗ ಮಾತು ಜಾಸ್ತಿಯಾಯಿತು. ಹಿಮದಲ್ಲಿ ಜಾರಿ ಬಿದ್ದದ್ದು, ಎತ್ತಿದ ಹುಡುಗಿ ಗೆಳತಿಯಾದದ್ದು, ಆ ಗೆಳತಿಗೆ ಚಟ್ನಿಪುಡಿ ತಿನ್ನಿಸಿ ಅಳಿಸಿದ್ದು ಎಲ್ಲ ಹೇಳಿದಳು. ಬರ್ಲಾ ಅಂತ ಮತ್ತೆ ಕೇಳಲಿಲ್ಲ. ನಾನು ಮಾತ್ರ ಕಾಯುತ್ತಿದ್ದೆ. ಯುಗಾದಿ ಕಳೆಯಿತು, ಪರೀಕ್ಷೆ ಮುಗಿಯುತ್ತಾ ಬಂತು. ವಾಪಸು ಬರುವ ವಿಮಾನದ ಟಿಕೇಟು ಇದ್ದೇ ಇತ್ತು, ಆದರೂ ನಾನು ಬಾ ಅನ್ನದೆ ಅವಳು ಕಮಾನು ದಾಟುವ ಹಾಗಿರಲಿಲ್ಲ. ಹೇಳುವ ದಿನ ಯಾವುದು ಅಂತ ಗೊತ್ತುಮಾಡಿಕೊಂಡು, ಬಚ್ಚಲುಮನೆಯಲ್ಲಿ ನೀರಿನ ಸದ್ದಿನ ಮರೆಯಲ್ಲಿ ತುಟಿಯಷ್ಟೇ ಆಡಿಸಿ ಅಭ್ಯಾಸ ಮಾಡುತ್ತಿದ್ದೆ. ಒಂದು ವರ್ಷ ಬಳಸದ ಮಾತು, ಸರಿಯಾಗಿ ಬರುತ್ತದೋ ಇಲ್ಲವೋ ಅಂತ ಅಂಜಿಕೆ.

ಗೊತ್ತುಮಾಡಿದ ದಿನಕ್ಕೆ ಇನ್ನೂ ವಾರವಿತ್ತು. ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುತ್ತಿದ್ದೆ, ಫೋನು ಬಂತು. ಅವಳ ಉಸಿರಿಗೂ ಮಾತಿಗೂ ಮೇಳವಿರಲಿಲ್ಲ. ಉತ್ತರದ ಕಡೆ ಒಂದು ಬಂಡೆ ಇದೆಯಂತೆ, ಅದರ ಮೇಲಿನ ಕಲ್ಲುಹೂವು ಎಷ್ಟೋ ತಲೆಮಾರಿನಿಂದ ಉಗುರಿನಷ್ಟು ಉಗುರಿನಷ್ಟೇ ಬೆಳೆಯುತ್ತಾ ಬಂದಿದೆಯಂತೆ. ಅದನ್ನು ನೋಡಿಕೊಳ್ಳುವ ಪ್ರೊಫೆಸರಮ್ಮ ಇವಳನ್ನೇ ಜೊತೆಗೆ ಕರೆದಿದ್ದಾರಂತೆ, ಇವತ್ತೇ ಹೇಳಬೇಕಂತೆ. “ಅಮ್ಮ, ಇನ್ನೊಂದು ವರ್ಷ ಇಲ್ಲೇ ಇರ್ಲಾ?” ಅಂದಳು.

ಅದೇ ಹೊತ್ತಿಗೆ ಹಾಲು ಅಂಚಿಗೆ ಬಂತು. “ಇರು ಇರು” ಅಂತ ಕೂಗಿ ಫೋನನ್ನು ಹಲಗೆಯ ಮೇಲಿಟ್ಟು ಓಡಿದೆ. ಅಷ್ಟರಲ್ಲಿ ಅರ್ಧ ಹಾಲು ಉಕ್ಕಿ ಉರಿಯೇ ಆರಿಹೋಗಿತ್ತು. ಪಾತ್ರೆ ಕೆಳಗಿಳಿಸಿ, ಕೈ ಒರೆಸಿಕೊಂಡು, ಅವಳಿಗೆ ಏನು ಹೇಳಬೇಕು ಅಂತ ಯೋಚಿಸುತ್ತಾ ಬಂದು ಫೋನು ಎತ್ತಿದೆ. ಆ ಕಡೆ ಅವಳು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಪಕ್ಕದಲ್ಲಿ ಇನ್ಯಾರೋ ಚಪ್ಪಾಳೆ ತಟ್ಟುತ್ತಿದ್ದರು. “ಥ್ಯಾಂಕ್ಸ್ ಅಮ್ಮ. ನೀನು ಒಪ್ಪಲ್ಲ ಅಂತ ಹೆದರಿ ಸಾಯ್ತಿದ್ದೆ. ಕೇಳಿದ ತಕ್ಷಣ ಇರು ಅಂದ್ಬಿಟ್ಯಲ್ಲ” ಅಂದಳು.

ವರ್ಷವೆಲ್ಲ ಒಂದು ಮಾತನ್ನು ಕಾವಲು ಕಾದಿದ್ದೆ, ಇನ್ನೊಂದು ಮಾತು ಹಿಂಬಾಗಿಲಿನಿಂದ ಹೊರಟುಹೋಗಿತ್ತು. ಅದು ಊರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವಳಿಗಂತೂ ಕೇಳಿಸಿತ್ತು. ಹಾಲು ಉಕ್ಕುತ್ತಿತ್ತು ಕಣೆ, ಅದಕ್ಕೆ ಇರು ಅಂದೆ, ನಿನಗಲ್ಲ ಅಂತ ಹೇಳಬಹುದಾಗಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ನನಗೆ ನನ್ನ ಮೇಲೆ, ಹಾಲಿನ ಮೇಲೆ, ಆ ಬಂಡೆಯ ಮೇಲೆ, ಉಗುರಿನಷ್ಟೇ ಬೆಳೆಯುವ ಆ ಸೋಮಾರಿ ಕಲ್ಲುಹೂವಿನ ಮೇಲೆ ಸಿಟ್ಟು ಬಂತು. ದುಃಖವೂ ಬಂತು. ಆದರೆ ಅವಳು ಹೀಗೆ ನಕ್ಕದ್ದನ್ನು ನಾನು ಕೇಳಿ ಎಷ್ಟೋ ದಿನವಾಗಿತ್ತು.

ನಾನು ಏನೂ ಅನ್ನದಿದ್ದುದಕ್ಕೆ ಆ ಕಡೆ ನಗು ನಿಂತಿತು. “ಅಮ್ಮ? ಯಾಕೆ ಸುಮ್ನಾದೆ?” ಅಂದಳು. ದನಿ ಸಣ್ಣಗಾಗಿತ್ತು. “ನಿಜವಾಗ್ಲೂ ಹೇಳಿದ್ಯಾ? ಇರ್ಲಾ?”

ಒಲೆ ಆರಿತ್ತು. ಉಕ್ಕುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

“ಇರು ಮಗಳೇ” ಅಂದೆ.